ನಕ್ಷೆಯಲ್ಲಿಲ್ಲದ ನಲ್ಲಿ

ಆ ಮನುಷ್ಯ ನನ್ನ ಹತ್ತಿರ ಆಡಿದ ಮೊದಲನೇ ಮಾತು, "ಬೂಟು ತೊಳ್ಕೊಂಡು ಬನ್ನಿ." ಎರಡನೇ ಮಾತು, "ಇನ್ನೊಂದ್ಸಲ ತೊಳೀರಿ."

ನಾನು ಹೋದದ್ದು ಅವರ ಫಾರ್ಮಿನ ಹಾಲು ಕರೆಯುವ ರೋಬೋಟಿನ ಸರ್ವಿಸ್‌ಗೆ. ಕಂಪನಿಯ ವ್ಯಾನು, ಕಂಪನಿಯ ನೀಲಿ ಬಟ್ಟೆ, ಎಂಟು ವರ್ಷದ ಅನುಭವ, ನಲವತ್ತು ಫಾರ್ಮುಗಳ ಜವಾಬ್ದಾರಿ; ಇದು ಆಗಷ್ಟೇ ನನ್ನ ಪಾಲಿಗೆ ಬಂದ ಫಾರ್ಮು. ಎಲ್ಲಿಗೆ ಹೋದರೂ ಜನ ಗೇಟಿಗೇ ಬಂದು ಕರೆದುಕೊಂಡು ಹೋಗುತ್ತಾರೆ. ಮೆಷಿನ್ ನಿಂತುಹೋದ ಮನೆಗೆ ನನಗಿಂತ ದೊಡ್ಡ ನೆಂಟರು ಯಾರೂ ಇಲ್ಲ. ಇವನು ಮಾತ್ರ ಬಾಗಿಲಿಗೆ ಅಡ್ಡ ನಿಂತು ನನ್ನ ಮುಖ ಬಿಟ್ಟು ಕಾಲು ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ತೊಳೆದೆ. ಎಡಗಾಲಿನ ಹಿಮ್ಮಡಿಯ ಸಂದಿಯಲ್ಲಿ ಸಗಣಿ ಉಳಿದಿದೆಯಂತೆ. ಮತ್ತೆ ತೊಳೆದೆ. ಅದೂ ಸರಿಹೋಗದೆ, ಅವನೇ ಒಂದು ಬ್ರಷ್ ತಂದು, ನನ್ನೆದುರು ಕುಕ್ಕರಗಾಲಲ್ಲಿ ಕೂತು, ಆ ಸಂದಿಯನ್ನು ಎರಡೇ ಎಳೆತಕ್ಕೆ ಚೊಕ್ಕ ಮಾಡಿ, ಈಗ ಬನ್ನಿ ಅಂದ.

ಮೂವತ್ತೆರಡು ವರ್ಷದಲ್ಲಿ ಗಂಡಸೊಬ್ಬ ನನ್ನ ಕಾಲ ಬುಡದಲ್ಲಿ ಕೂತದ್ದು ಅದೇ ಮೊದಲು. ಅದೂ ಬ್ರಷ್ ಹಿಡಿದು.

ರೋಬೋಟ್ ಅಂದರೆ ತಲೆ ಕೈಕಾಲು ಇರುವ ಗೊಂಬೆ ಅಂದುಕೊಳ್ಳಬೇಡಿ. ಹಸು ನಿಲ್ಲುವಷ್ಟು ಜಾಗಕ್ಕೆ ಸುತ್ತ ಸ್ಟೀಲಿನ ಕಂಬಿ, ಪಕ್ಕದಲ್ಲಿ ಒಂದು ಉದ್ದನೆಯ ತೋಳು. ಹಸು ತನಗೆ ಬೇಕೆನಿಸಿದಾಗ ತಾನೇ ಬರುತ್ತೆ, ಬೋಗುಣಿಯಲ್ಲಿ ಬೀಳುವ ಹಿಂಡಿ ತಿನ್ನುತ್ತಾ ನಿಲ್ಲುತ್ತೆ. ತೋಳು ಕೆಚ್ಚಲಿನ ಕೆಳಗೆ ಹೋಗಿ, ಕ್ಯಾಮೆರಾದ ಕಣ್ಣಲ್ಲಿ ಹುಡುಕಿ, ಬ್ರಷ್ಷಿನಿಂದ ಒರೆಸಿ, ನಾಲ್ಕು ಮೊಲೆಗೂ ಹಾಲು ಹೀರುವ ಒಂದೊಂದು ಕಪ್ಪು ಕಚ್ಚಿಸುತ್ತೆ. ಹಾಲು ಪೈಪಿನಲ್ಲಿ ಹರಿದು ಟ್ಯಾಂಕಿಗೆ. ಯಾರೂ ಹಸುವನ್ನು ಅಟ್ಟಿಕೊಂಡು ಬರಬೇಕಿಲ್ಲ, ಬೆಳಗಿನ ಜಾವ ಏಳಬೇಕಿಲ್ಲ.

ಮೆಷಿನ್ ತನ್ನನ್ನು ತಾನೇ ತೊಳೆದುಕೊಳ್ಳುತ್ತೆ ಅಂತ ಮಾರುವವರು ಹೇಳಿರುತ್ತಾರೆ. ಒಳಗಿನ ಪೈಪಿನ ಮಟ್ಟಿಗೆ ಅದು ನಿಜ. ದಿನಕ್ಕೆ ಮೂರು ಸಲ ಸುಡುನೀರು, ಒಂದು ಸಲ ಸೋಪು, ಇನ್ನೊಂದು ಸಲ ಆಮ್ಲ. ಹೊರಗಿನದನ್ನು ಮನುಷ್ಯರೇ ತೊಳೆಯಬೇಕು. ಆ ಮಾತನ್ನು ಅರ್ಧ ಜನ ಮರೆತುಬಿಡುತ್ತಾರೆ. ಸಗಣಿ ಸಿಡಿದ ತೋಳು, ಮಸುಕಾದ ಕ್ಯಾಮೆರಾ, ಲೋಳೆ ಹಿಡಿದ ಕಪ್ಪು ನೋಡಿ ನೋಡಿ ನನ್ನ ಕಣ್ಣು ಸೋತಿತ್ತು.

ಅಂಥವಳು ಆ ರೂಮಿನೊಳಗೆ ಹೋಗಿ ಬಾಯಿ ಮುಚ್ಚಿಕೊಂಡೆ. ಮೂರು ವರ್ಷ ಹಳೆಯ ಮೆಷಿನ್. ನೋಡಿದರೆ ಹೋದ ವಾರ ತಂದ ಹಾಗಿತ್ತು. ಕಂಬಿಯ ಮೇಲೆ ನನ್ನ ಮುಖ ಕಾಣುತ್ತಿತ್ತು, ಸಿಟ್ಟಿನ ಮುಖ.

ನಾನು ಸ್ಕ್ರೂ ಬಿಚ್ಚುತ್ತಾ ಕೂತೆ, ಅವನು ತನ್ನ ಪಾಡಿಗೆ ತೊಳೆಯುತ್ತಾ ಇದ್ದ. ಮೂರು ಬಕೆಟ್ಟು: ನೆಲಕ್ಕೆ ಕೆಂಪು, ತೋಳಿಗೆ ನೀಲಿ, ಕಪ್ಪಿಗೆ ಬಿಳಿ. ಒಂದರ ಬ್ರಷ್ ಇನ್ನೊಂದಕ್ಕೆ ತಾಗಿದರೆ ಆ ಬ್ರಷ್‌ಗೆ ಅವತ್ತೇ ನಿವೃತ್ತಿ. ಕ್ಯಾಮೆರಾದ ಗಾಜಿಗೆ ಒಣಬಟ್ಟೆ ಮುಟ್ಟಿಸಲಿಲ್ಲ. ಸಗಣಿಯಲ್ಲಿರುವ ಮರಳು ಗಾಜನ್ನು ಗೀರುತ್ತೆ, ಆಮೇಲೆ ಪೊರೆ ಬಂದ ಕಣ್ಣಿನ ಹಾಗೆ ಅದು ತಡಕಾಡಬೇಕಾಗುತ್ತೆ. ಇದು ನಮ್ಮ ಟ್ರೈನಿಂಗಿನಲ್ಲಿ ಎರಡನೇ ದಿನ ಹೇಳಿಕೊಡುವ ಪಾಠ, ಇವನಿಗೆ ಯಾರು ಹೇಳಿಕೊಟ್ಟರೋ. ಮೊದಲು ಉಗುರುಬೆಚ್ಚಗಿನ ನೀರು ಹನಿಸಿ ನೆನೆಸಿದ, ಆಮೇಲೆ ಜೇಬಿನಿಂದ ಮೆತ್ತಗಿನ ಬಿಳಿ ಬಟ್ಟೆ ತೆಗೆದು ಒಂದೇ ಒಂದು ಸಲ ಒತ್ತಿ ತೆಗೆದ. ಕಪ್ಪುಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು, ರಬ್ಬರಿನ ತುಟಿಯೊಳಗೆ ಬೆರಳಾಡಿಸಿ, ಎಲ್ಲಾದರೂ ಜಿಡ್ಡು ಸಿಕ್ಕರೆ ಹುಬ್ಬು ಗಂಟಿಕ್ಕುತ್ತಿದ್ದ. ತೋಳು ತೊಳೆದಾದ ಮೇಲೆ ಅದರ ಕೀಲಿನ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಂತ.

ಮೊಣಕೈವರೆಗೆ ಒದ್ದೆ. ಕುತ್ತಿಗೆಯ ಹಿಂದೆ ಕೂದಲು ಅಂಟಿಕೊಂಡಿತ್ತು. ಬಲಗಿವಿಯ ತುದಿಯಲ್ಲಿ ಸೋಪಿನ ನೊರೆ. ಹೇಳೋಣ ಅಂದುಕೊಂಡೆ. ಹೇಳಿದರೆ ಒರೆಸಿಕೊಂಡುಬಿಡುತ್ತಾನಲ್ಲ ಅಂತ ಹೇಳಲಿಲ್ಲ.

ಯಾವಾಗ ಮನಸ್ಸು ಕೊಟ್ಟೆ ಅಂತ ಯಾರಾದರೂ ಕೇಳಿದರೆ ನನಗೆ ಯೋಚಿಸಬೇಕಾಗಿಲ್ಲ. ಆ ನೊರೆ ಆರಿಹೋಗುವುದರೊಳಗೆ.

ಆ ಮನೆಯಲ್ಲಿ ನಾಲ್ಕೇ ಜನ. ಯಜಮಾನಿ ಅಂದರೆ ಅವನ ಅಮ್ಮ. ಮೂವತ್ತು ವರ್ಷ ಕೈಯಲ್ಲೇ ಹಾಲು ಕರೆದು ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ. ಅತ್ತಿಗೆ ಕೀಟಲೆಯಲ್ಲಿ ಎತ್ತಿದ ಕೈ. ಮೈದುನನಿಗೆ ಉಜ್ಜಪ್ಪ ಅಂತ ಹೆಸರಿಟ್ಟವಳು ಅವಳೇ. ಆ ಹೆಸರು ಹಾಲಿನ ಟ್ಯಾಂಕರಿನ ಡ್ರೈವರ್‌ವರೆಗೂ ಹಬ್ಬಿತ್ತು. ಉಜ್ಜಪ್ಪ ಮೊದಲು ಟ್ರ್ಯಾಕ್ಟರ್ ಓಡಿಸಿ ಬೇಲಿ ಕೆಡವಿದನಂತೆ, ಆಮೇಲೆ ಗೊಬ್ಬರದ ಅಂಗಡಿ ಇಟ್ಟು ಆರು ತಿಂಗಳಿಗೆ ಮುಚ್ಚಿದನಂತೆ. ಯಾವುದಕ್ಕೂ ಆಗದವನು ಅಂತ ಮನೆಯವರೇ ಕೈಬಿಟ್ಟಿದ್ದರು. ರೋಬೋಟ್ ಬಂದ ಮೇಲೆ ಆ ರೂಮಿನ ಕೀಲಿ ಅವನ ಸೊಂಟಕ್ಕೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಒಂದೇ ಒಂದು ತಿಂಗಳೂ ಅವರ ಹಾಲು ಡೈರಿಯಲ್ಲಿ ಮೊದಲ ದರ್ಜೆ ಬಿಟ್ಟು ಇಳಿದಿರಲಿಲ್ಲ. ಇದನ್ನೆಲ್ಲ ಅತ್ತಿಗೆಯೇ ನನಗೆ ಹೇಳಿದ್ದು, ನಗುತ್ತಲೇ, ಆದರೆ ದನಿಯಲ್ಲಿ ಹೆಮ್ಮೆ ಇತ್ತು.

ನನ್ನ ಗ್ರಹಚಾರ ನೋಡಿ. ಕೊಳಕು ಮಾಡಿಕೊಂಡು ಕೂತವರು ವಾರಕ್ಕೊಂದು ಸಲ ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ. ಇವನ ಮೆಷಿನ್ ಕೆಡುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಸರ್ವಿಸ್, ಅಷ್ಟೇ. ಅವನು ಚೆನ್ನಾಗಿ ತೊಳೆದಷ್ಟೂ ನನಗೆ ಅವನ ಮುಖ ನೋಡುವ ಭಾಗ್ಯ ಕಡಿಮೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇಲ್ಲದ ನೆಪ ಹೂಡಿಕೊಂಡು ಹೋದದ್ದೂ ಉಂಟು. ಗಾಳಿಯ ಒತ್ತಡ ನೋಡಬೇಕು ಅಂತ ಒಮ್ಮೆ, ಹೊಸ ಸಾಫ್ಟ್‌ವೇರ್ ಬಂದಿದೆ ಅಂತ ಒಮ್ಮೆ. ಹೋದರೆ ಸ್ಟೂಲು ತೊಳೆದು ಕೊಡುತ್ತಿದ್ದ, ಲೋಟ ಎರಡು ಸಲ ತೊಳೆದು ಟೀ ಕೊಡುತ್ತಿದ್ದ. ನಾನು ಸ್ಟೂಲ್ ಒಣಗುವವರೆಗೆ ನಿಂತೇ ಟೀ ಕುಡಿಯುತ್ತಿದ್ದೆ. ಮಾತು ಎಣಿಸಿ ಹತ್ತು ಆಡುತ್ತಿದ್ದ, ಅದರಲ್ಲಿ ಎಂಟು ಹಸುಗಳ ವಿಷಯ.

ಒಂದು ಸಲ ಸ್ಕ್ರೀನಿನ ಅಂಚಿನಲ್ಲಿ ನನ್ನ ಗ್ರೀಸ್ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಅವನೇ ತೋರಿಸಿ, ಇದು ನಿಮ್ಮದು ಅಂದ. ಒರೆಸೋಕೆ ಹೋದೆ, ಇರಲಿ ನಾನು ನೋಡ್ಕೊತೀನಿ ಅಂದ. ಮೂರು ತಿಂಗಳು ಕಳೆದು ಹೋದಾಗಲೂ ಆ ಗುರುತು ಅಲ್ಲೇ ಇತ್ತು. ನೊಣ ಕೂತ ಜಾಗವನ್ನೂ ಬಿಡದೆ ಒರೆಸುವ ರೂಮಿನಲ್ಲಿ ನನ್ನ ಹೆಬ್ಬೆಟ್ಟೊಂದು ಹಾಗೇ ಉಳಿದಿತ್ತು. ನಾನು ನೋಡಿದ್ದನ್ನು ಅವನು ನೋಡಿದ. ಇಬ್ಬರೂ ತಕ್ಷಣ ಏನೋ ಕೆಲಸವಿದ್ದವರ ಹಾಗೆ ಆಚೀಚೆ ಸರಿದೆವು. ವ್ಯಾನಿನಲ್ಲಿ ಕೂತ ಮೇಲೆ ಹತ್ತು ನಿಮಿಷ ಕೀ ತಿರುಗಿಸಲು ನನ್ನ ಕೈಲಿ ಆಗಲಿಲ್ಲ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಹದಿನೇಳನೇ ನಂಬರಿನ ಹಸು ಅವನನ್ನು ಕಂಬಿಗೆ ಒತ್ತಿ ಸೊಂಟಕ್ಕೆ ಪೆಟ್ಟಾಗಿತ್ತು. ವಾರಕ್ಕೆ ಎರಡು ಸಲ ಅವನು ಹಾಲಿನ ಪೈಪಿನ ಕೆಳಗೆ ಕೂತು, ಬುಡದ ಜೋಡಣೆ ಸಡಿಲಿಸಿ, ಪರೀಕ್ಷೆಗೆ ಹಾಲು ಹಿಡಿಯಬೇಕಿತ್ತು. ಏಳುವಾಗ ಕಂಬಿ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದ. ಅದನ್ನು ಕಣ್ಣಾರೆ ಕಂಡೆ. ಮುಂದಿನ ಸರ್ವಿಸ್‌ಗೆ ಹೋಗುವಾಗ ಒಂದು ಪುಟ್ಟ ಸ್ಟೀಲ್ ನಲ್ಲಿ ಕೊಂಡು, ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಹೊಳೆಯುವ ಹಾಗೆ ಉಜ್ಜಿ, ತೆಗೆದುಕೊಂಡು ಹೋದೆ. ಹಾಲಿನ ಪೈಪಿಗೆ ಗೇಣುದ್ದದ ಒಂದು ಕವಲು ಜೋಡಿಸಿ, ಸೊಂಟದೆತ್ತರಕ್ಕೆ ಆ ನಲ್ಲಿ ಕೂಡಿಸಿದೆ. ಇನ್ನು ಬಗ್ಗಬೇಕಾಗಿಲ್ಲ, ನಿಂತೇ ಹಾಲು ಹಿಡಿಯಬಹುದು.

ಕಂಪನಿಯ ನಕ್ಷೆಯಲ್ಲಿ ಇಲ್ಲದ ಒಂದು ಸ್ಕ್ರೂ ಕೂಡ ಹಾಕುವ ಹಾಗಿಲ್ಲ. ಅದು ನಮ್ಮ ಮೊದಲನೇ ನಿಯಮ. ಗೊತ್ತಿದ್ದೂ ಹಾಕಿದೆ. ಅವನು ನಲ್ಲಿ ತಿರುಗಿಸಿ ನೋಡಿದ, ನನ್ನನ್ನು ನೋಡಿದ, ಚೆನ್ನಾಗಿದೆ ಅಂದ. ಆ ಒಂದು ಮಾತಿನ ಮೇಲೆ ನಾನು ಎರಡು ವಾರ ಬದುಕಿದೆ.

ಒಂದೂವರೆ ತಿಂಗಳಿಗೆ ಡೈರಿಯಿಂದ ಕಾಗದ ಬಂತು. ಟ್ಯಾಂಕರ್ ಬಂದಾಗ ಒಂದು ಬಾಟಲಿ ಹಾಲನ್ನು ಲ್ಯಾಬಿಗೆ ಒಯ್ದು ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಎಣಿಸುತ್ತಾರೆ. ಇವರ ಹಾಲಿನಲ್ಲಿ ಮಿತಿಗಿಂತ ಎರಡು ಪಟ್ಟು. ಯಜಮಾನಿ ಫೋನ್ ಮಾಡಿದರು. ಯಾವ ಬಾಯಲ್ಲಿ ಹೇಳಲಿ, ಫೋನ್ ಬಂತಲ್ಲ ಅಂತ ಮೊದಲು ನನಗೆ ಖುಷಿಯೇ ಆಯಿತು.

ಇಂಥ ದೂರಿಗೆ ನಮ್ಮ ಹತ್ತಿರ ಇಪ್ಪತ್ತಾರು ಪ್ರಶ್ನೆಗಳ ಒಂದು ಪಟ್ಟಿ ಇದೆ. ನೀರಿನ ಬಿಸಿ, ಸೋಪಿನ ಅಳತೆ, ಫಿಲ್ಟರ್, ರಬ್ಬರು, ಪಂಪು. ಒಂದೊಂದಾಗಿ ನೋಡಿದೆ, ಎಲ್ಲ ಸರಿಯಿತ್ತು. ಮೆಷಿನಿನದೆಲ್ಲ ಸರಿಯಿದ್ದರೆ ಕೊನೆಗೆ ಬರೆಯುವುದಕ್ಕೆ ಉಳಿಯುವುದು ಒಂದೇ ಸಾಲು: ನೋಡಿಕೊಳ್ಳುವವರ ಸ್ವಚ್ಛತೆ ಸಾಲದು. ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಬರೆದೆ. ಅವನು ಓದಿ, ನಾಲ್ಕು ಮಡಿಕೆ ಮಡಿಸಿ, ಜೇಬಿನಲ್ಲಿಟ್ಟುಕೊಂಡ. ಯಾವತ್ತೂ ವ್ಯಾನಿನವರೆಗೆ ಬರುತ್ತಿದ್ದವನು ಅವತ್ತು ಬರಲಿಲ್ಲ.

ಎರಡನೇ ತಿಂಗಳು ಬ್ಯಾಕ್ಟೀರಿಯಾದ ಲೆಕ್ಕ ಇನ್ನೂ ಏರಿತು. ಮತ್ತೆ ಹೋದೆ. ಅವನು ದಿನಕ್ಕೆ ನಾಲ್ಕು ಸಲ ತೊಳೆದು ತೊಳೆದು ಸೋಪು ಆಮ್ಲಕ್ಕೆ ಅಂಗೈ ಬಿರಿದುಹೋಗಿತ್ತು. ಮುಖ ಅರ್ಧಕ್ಕೆ ಇಳಿದಿತ್ತು. ಇಪ್ಪತ್ತಾರು ಪ್ರಶ್ನೆಗೂ ಮತ್ತೆ ಅದೇ ಉತ್ತರ ಸಿಕ್ಕಿತು, ರಿಪೋರ್ಟಿನಲ್ಲಿ ಮತ್ತೆ ಅದೇ ಸಾಲು ಬರೆದೆ. ನನಗೆ ದಾರಿ ಕಾಣಲಿಲ್ಲ. ದಾರಿ ಕಾಣದಾಗ ನನಗೆ ಬರುವುದು ಸಿಟ್ಟೊಂದೇ. ನೀವೇ ಎಲ್ಲೋ ಬಿಡ್ತಾ ಇದ್ದೀರಿ ಅಂದುಬಿಟ್ಟೆ.

ಅವನು ಬ್ರಷ್ ಕೆಳಗಿಟ್ಟ. "ನಾನು ಬಿಟ್ಟಿಲ್ಲ," ಅಂದ.

ಅಷ್ಟೇ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಆ ಎರಡು ಮಾತು ಮಾತ್ರ ಮುಳ್ಳು ಮುರಿದ ಹಾಗೆ ಒಳಗೇ ಉಳಿಯಿತು.

ಹೊರಡುವಾಗ ಅತ್ತಿಗೆ ಗೇಟಿನ ಹತ್ತಿರ ನಿಲ್ಲಿಸಿ ವಿಷಯ ಹೇಳಿದಳು, ಅವತ್ತು ನಗಲಿಲ್ಲ. ಮೂರನೇ ಸಲವೂ ಕೆಟ್ಟರೆ ಡೈರಿಯವರು ಹಾಲು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಅದಕ್ಕೇ ಯಜಮಾನಿ ತೀರ್ಮಾನ ಮಾಡಿಯಾಗಿತ್ತು. ಬರುವ ಶುಕ್ರವಾರದ ಬಾಟಲಿಯಲ್ಲೂ ಲೆಕ್ಕ ಇಳಿಯದಿದ್ದರೆ, ರೋಬೋಟ್ ರೂಮನ್ನು ಗುತ್ತಿಗೆಯ ಕ್ಲೀನಿಂಗ್‌ನವರಿಗೆ ವಹಿಸುವುದು, ಕೀಲಿ ಅವರಿಗೆ ಕೊಡುವುದು, ಇವನು ಅಣ್ಣನ ಹಿಂದೆ ಹೊಲಕ್ಕೆ ಹೋಗುವುದು. ಅವನು ಅಂದಿನಿಂದ ಊಟ ಬಿಟ್ಟನಂತೆ. ಅವನಿಗೆ ಜೀವನದಲ್ಲಿ ಬಂದದ್ದು ಇದೊಂದೇ ಕೆಲಸ, ಇದೂ ಹೋದರೆ ಏನಾಗ್ತಾನೋ ಅಂತ ಅತ್ತಿಗೆ ಕಣ್ಣೊರೆಸಿಕೊಂಡಳು.

ಬುಧವಾರ ನಾನು ರಜೆ ಹಾಕಿದೆ. ಕಂಪನಿಯ ವ್ಯಾನು ಬಿಟ್ಟು ಬಸ್ಸಿನಲ್ಲಿ ಹೋದೆ. ಬಾಗಿಲಲ್ಲಿ ಅವನು ಬೂಟಿನ ಮಾತೇ ಎತ್ತಲಿಲ್ಲ. ನಾನೇ ಮೂರು ಸಲ ತೊಳೆದುಕೊಂಡು ಒಳಗೆ ಬಂದೆ. ಬೆಳಗ್ಗೆ ಎಂಟಕ್ಕೆ ಶುರುಮಾಡಿದ್ದು. ಅವನು ಹಸುಗಳನ್ನು ನೋಡಿಕೊಳ್ಳುತ್ತಾ ಹೊರಗೇ ಇದ್ದ, ಒಳಗೆ ನಾನೊಬ್ಬಳೇ. ಪೈಪಿನ ಪ್ರತಿ ಜೋಡಣೆಗೂ ಟಾರ್ಚ್ ಹಿಡಿದು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆ. ಕನ್ನಡಿಯ ಹಾಗಿತ್ತು. ಇಷ್ಟು ಶುದ್ಧ ಮಾಡುವ ಕೈಯನ್ನು ಸಾಲದು ಅಂತ ಬರೆದವಳು ನಾನು.

ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ನೆಲದ ಮೇಲೆ ಕೂತು, ಪಟ್ಟಿಯನ್ನು ಪಕ್ಕಕ್ಕೆಸೆದು, ಸುಮ್ಮನೆ ಯೋಚಿಸಿದೆ. ನನ್ನ ನಲವತ್ತು ಫಾರ್ಮಿನಲ್ಲಿ ಎಲ್ಲೂ ಇಲ್ಲದ್ದು ಇಲ್ಲಿ ಏನಿದೆ?

ತಲೆಯೆತ್ತಿದರೆ ಎದುರಿಗೇ ಇತ್ತು, ಹೊಳೆಯುತ್ತಾ. ಇಪ್ಪತ್ತಾರು ಪ್ರಶ್ನೆಯಲ್ಲಿ ಆ ನಲ್ಲಿಯ ಬಗ್ಗೆ ಒಂದೂ ಇರಲಿಲ್ಲ, ಹೇಗಿರುತ್ತೆ? ಪಟ್ಟಿ ಮಾಡಿದವರು ನಕ್ಷೆ ನೋಡಿಕೊಂಡು ಮಾಡಿದ್ದು. ನಕ್ಷೆಯಲ್ಲಿ ಆ ನಲ್ಲಿ ಇಲ್ಲ.

ಸ್ಪ್ಯಾನರ್ ಹಿಡಿದು ಬಿಚ್ಚಿದೆ. ತೊಳೆಯುವ ಸುಡುನೀರು ದೊಡ್ಡ ಪೈಪಿನಲ್ಲಿ ಭರ್ರನೆ ಹೋಗುತ್ತೆ, ಮುಚ್ಚಿದ ಆ ಗೇಣುದ್ದದ ಕವಲಿಗೆ ತಿರುಗಿ ಬರುವುದೇ ಇಲ್ಲ. ಹಾಲು ಮಾತ್ರ ನುಗ್ಗಿ ನಿಲ್ಲುತ್ತೆ. ಒಳಗೆ ಹಳದಿ ಲೋಳೆ ಉಗುರಿನಷ್ಟು ದಪ್ಪ ಕೂತಿತ್ತು, ಹುಳಿ ವಾಸನೆ ಮೂಗಿಗೆ ಹೊಡೆಯಿತು. ಪ್ರತಿ ಸಲ ಹಾಲು ಹರಿದಾಗಲೂ ಒಂದಿಷ್ಟು ಅಲ್ಲಿಂದ ಬೆರೆತು ಟ್ಯಾಂಕಿಗೆ ಹೋಗುತ್ತಿತ್ತು. ಎಂಟು ವರ್ಷದ ಅನುಭವದವಳು, ನೀರು ಹರಿಯದ ಮೂಲೆ ಬಿಡಬಾರದು ಅಂತ ಹೊಸಬರಿಗೆ ಪಾಠ ಹೇಳುವವಳು. ಅವನ ಸೊಂಟ ನೆನೆದು ತಲೆ ಮರೆತಿದ್ದೆ. ಅವನ ಮೇಲಿನ ಪ್ರೀತಿಯಿಂದ ಅವನ ಹಾಲು ಕೆಡಿಸಿದ್ದೆ, ಕೆಡಿಸಿ ತಪ್ಪನ್ನು ಅವನ ತಲೆಗೇ ಕಟ್ಟಿದ್ದೆ.

ಸುಳ್ಳು ಯಾಕೆ ಹೇಳಲಿ, ನಲ್ಲಿಯನ್ನು ಜೇಬಿಗೆ ಹಾಕಿಕೊಂಡೆ. ಕವಲು ತೆಗೆದು ಚೀಲಕ್ಕೆ ಹಾಕಿ, ಆ ತೂತಿಗೆ ಮಟ್ಟವಾದ ಮುಚ್ಚಳ ಬಿಗಿದೆ. ಪೈಪಿಗೆ ಎರಡು ಸಲ ಸುಡುನೀರು ಬಿಟ್ಟೆ. ಇಷ್ಟಕ್ಕೇ ಮುಗಿಸಬಹುದಿತ್ತು. ಶುಕ್ರವಾರ ಲೆಕ್ಕ ತಾನಾಗಿ ಇಳಿಯುತ್ತೆ, ಕೀಲಿ ಅವನ ಹತ್ತಿರವೇ ಉಳಿಯುತ್ತೆ, ನನ್ನ ಕೆಲಸಕ್ಕೂ ಕುತ್ತಿಲ್ಲ. ನಕ್ಷೆ ಮೀರಿದವರನ್ನು ಕಂಪನಿ ಸುಮ್ಮನೆ ಬಿಡುವುದಿಲ್ಲ. ಹಾಗೆ ಅಂದುಕೊಂಡು ಚೀಲ ಹೆಗಲಿಗೇರಿಸಿ ಹೊರಗೆ ಬಂದೆ.

ಅವನು ಅಂಗಳದಲ್ಲಿ ಹೋಸ್ ಸುತ್ತುತ್ತಾ ನಿಂತಿದ್ದ. ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ, ಆಸೆ ಇತ್ತು. ಆಗ ನನಗೆ ಹೊಳೆಯಿತು, ಲೆಕ್ಕ ಇಳಿದರೆ ಈ ಮನೆಯವರು ಏನಂದುಕೊಳ್ಳುತ್ತಾರೆ? ಇವನು ಮೊದಲು ಕಳ್ಳಾಟ ಆಡುತ್ತಿದ್ದ, ಹೊಲಕ್ಕೆ ಕಳಿಸುತ್ತೇವೆ ಅಂದ ಮೇಲೆ ನೆಟ್ಟಗೆ ತೊಳೆದ. ಅವನೇ ಹಾಗೆ ಅಂದುಕೊಂಡರೂ ಅಂದುಕೊಂಡ, ಎಲ್ಲೋ ಬಿಟ್ಟಿದ್ದೆನೇನೋ ಅಂತ. ಅವನ ಕೈಯ ಮೇಲೆ ಅವನಿಗೇ ಅನುಮಾನ ಹುಟ್ಟಿಸಿ ನಾನು ಬಸ್ಸು ಹತ್ತುವುದೇ?

ನೇರ ಅಡುಗೆಮನೆಗೆ ನಡೆದೆ. ಯಜಮಾನಿ ಮೇಜಿನ ಹತ್ತಿರ ಕೂತು ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು, ಅತ್ತಿಗೆ ಪಾತ್ರೆ ಒರೆಸುತ್ತಿದ್ದಳು. ಅವನೂ ನನ್ನ ಹಿಂದೆ ಬಂದು ಬಾಗಿಲಲ್ಲಿ ನಿಂತ. ಮೇಜಿನ ಮೇಲೆ ಕಾಗದ ಹಾಸಿ ನಲ್ಲಿ, ಕವಲು ಎರಡನ್ನೂ ಇಟ್ಟೆ. ತಪ್ಪು ಇವರದಲ್ಲ, ನನ್ನದು ಅಂದೆ. ನೀರು ಹೇಗೆ ಹೋಗುತ್ತೆ, ಹಾಲು ಎಲ್ಲಿ ನಿಲ್ಲುತ್ತೆ, ನಾನು ಬರೆದ ಎರಡು ರಿಪೋರ್ಟೂ ಯಾಕೆ ಸುಳ್ಳು, ಎಲ್ಲ ಹೇಳಿದೆ. ಯಜಮಾನಿ ಕವಲನ್ನೆತ್ತಿ ಮೂಸಿದರು. ಮೂವತ್ತು ವರ್ಷದ ಮೂಗು ಅದು, ಇನ್ನೊಂದು ಮಾತು ಬೇಕಾಗಲಿಲ್ಲ.

ಇದು ಕಂಪನಿಯವರು ಹಾಕಿಸಿದ್ದಾ ಅಂತ ಕೇಳಿದರು. ಅಲ್ಲ ಅಂದೆ. ನಾವು ಕೇಳಿದ್ವಾ? ಇಲ್ಲ ಅಂದೆ.

"ಮತ್ಯಾಕೆ ಹಾಕಿದೆ?"

ಹಿಂದೆ ಅವನು ನಿಂತಿದ್ದಾನೆ, ಅವನ ಉಸಿರು ಕೇಳುತ್ತಿದೆ. "ಇವರು ಏಳೋವಾಗ ಕಂಬಿ ಹಿಡ್ಕೊಳ್ಳೋದನ್ನ ನನ್ನ ಕೈಲಿ ನೋಡೋಕಾಗ್ಲಿಲ್ಲ," ಅಂದೆ.

ಅತ್ತಿಗೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಯಜಮಾನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಲವತ್ತು ಫಾರ್ಮಲ್ಲೂ ಹೀಗೆ ನಲ್ಲಿ ಹಾಕಿದ್ದೀಯಾ?"

"ಇಲ್ಲ."

"ಇಲ್ಲಿ ಮಾತ್ರ."

"ಇಲ್ಲಿ ಮಾತ್ರ," ಅಂದೆ. ಮುಖ ಕಾದುಹೋಗಿತ್ತು.

ಅವರು ಮಗನ ಕಡೆ ತಿರುಗಿ, ಗುತ್ತಿಗೆಯವರಿಗೆ ಬರೋದು ಬೇಡ ಅಂತ ಹೇಳಿಬಿಡು ಅಂದರು. ಆಮೇಲೆ, ನಾನೂ ನಿನ್ನ ನಂಬಲಿಲ್ಲವಲ್ಲೋ ಅಂದರು. ದನಿ ಬಿದ್ದುಹೋಗಿತ್ತು. ಅವನು ಅಮ್ಮನ ಪಕ್ಕ ಹೋಗಿ, ಎಣ್ಣೆಯ ಬಟ್ಟಲು ತೆಗೆದುಕೊಂಡು, ಆ ಊದಿದ ಬೆರಳುಗಳಿಗೆ ತಾನೇ ತಿಕ್ಕತೊಡಗಿದ. ನಾನು ಸದ್ದಿಲ್ಲದೆ ಹೊರಬಿದ್ದೆ.

ಬಸ್ ಸ್ಟಾಪಿಗೆ ಅವನೂ ಹಿಂದೆಯೇ ಬಂದು ಸೇರಿದ. ಸ್ವಲ್ಪ ಏದುತ್ತಿದ್ದ. ಎಲ್ಲವನ್ನೂ ಬಿಚ್ಚಿ ನೋಡಿದ್ದನಂತೆ, ಆ ನಲ್ಲಿಯೊಂದನ್ನು ಬಿಟ್ಟು. ಅದನ್ನು ಯಾಕೆ ಬಿಚ್ಚಲಿಲ್ಲ ಅಂತ ಕೇಳಿದೆ.

"ನೀವು ಹಾಕಿದ್ದಲ್ವಾ," ಅಂದ.

ಬಸ್ಸು ಬಂತು. ಕಂಪನಿಗೆ ಇದನ್ನು ಹೇಳಬೇಡಿ, ಇಲ್ಲಿಗೇ ಮುಗೀತು ಅಂತ ಅವನು ಅಂದ. ನಾನು ಮಾರನೇ ದಿನವೇ ಬರೆದುಕೊಟ್ಟೆ: ಹಿಂದಿನ ಎರಡೂ ರಿಪೋರ್ಟು ತಪ್ಪು, ಇಲ್ಲಿ ನೋಡಿಕೊಳ್ಳುವವರ ಸ್ವಚ್ಛತೆ ನಾನು ಕಂಡದ್ದರಲ್ಲೇ ಅತ್ಯುತ್ತಮ, ದೋಷ ತಂತ್ರಜ್ಞೆಯದು. ಅಷ್ಟು ಸಂತೋಷದಿಂದ ನಾನು ಯಾವ ರಿಪೋರ್ಟಿಗೂ ಸಹಿ ಹಾಕಿದವಳಲ್ಲ.

ಕಂಪನಿಯವರು ಕೆಲಸದಿಂದ ತೆಗೆಯಲಿಲ್ಲ, ಪುಣ್ಯ. ವ್ಯಾನಿನ ಕೀ ಕಿತ್ತುಕೊಂಡು ಮೂರು ತಿಂಗಳು ವರ್ಕ್‌ಶಾಪಿನ ಹಿಂದಿನ ಕೋಣೆಗೆ ಹಾಕಿದರು. ಫಾರ್ಮುಗಳಿಂದ ವಾಪಸ್ ಬಂದ ಕಪ್ಪು, ತೋಳು, ಪೈಪುಗಳನ್ನು ತೊಟ್ಟಿಯಲ್ಲಿ ಹಾಕಿ ತೊಳೆಯುವ ಕೆಲಸ. ಆ ಫಾರ್ಮಿಗೆ ಬೇರೆ ತಂತ್ರಜ್ಞ ಹೋಗತೊಡಗಿದ. ಲೆಕ್ಕ ನೆಲಕ್ಕಿಳಿದಿದೆ, ಮತ್ತೆ ಮೊದಲ ದರ್ಜೆ ಅಂತ ಆ ತಂತ್ರಜ್ಞನ ಬಾಯಲ್ಲೇ ಕೇಳಿದೆ. ಖುಷಿಯಾಯಿತು. ಮೆಷಿನ್ ಸರಿಯಿದೆ, ಇನ್ನು ಆ ಮನೆಗೆ ನಾನು ಯಾಕೆ ಬೇಕು ಅಂತ ಅಳುವೂ ಬಂತು. ಫೋನ್ ಕೈಗೆತ್ತಿಕೊಂಡು ಇಟ್ಟದ್ದೆಷ್ಟು ಸಲವೋ. ಯಾವ ಮುಖ ಇಟ್ಟುಕೊಂಡು ಮಾಡಲಿ? ಅಲ್ಲಿಂದಲೂ ಬರಲಿಲ್ಲ.

ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ತೊಟ್ಟಿಯ ಮುಂದೆ ಕೂತು ಕಪ್ಪು ಉಜ್ಜುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಇಸ್ತ್ರಿ ಮಾಡಿದ ಶರ್ಟು, ಬಾಚಿದ ತಲೆ; ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಅವನನ್ನು ನಾ ಒಣಗಿದ ಬಟ್ಟೆಯಲ್ಲಿ ನೋಡಿದ್ದೇ ಇಲ್ಲ. ಅವನು ತೋಳು ಮಡಿಸಿ, ಎದುರಿನ ಸ್ಟೂಲ್ ಎಳೆದುಕೊಂಡು ಕೂತು, ತೊಟ್ಟಿಯಿಂದ ಒಂದು ಕಪ್ಪೆತ್ತಿ ಉಜ್ಜತೊಡಗಿದ. ನಾನೂ ಉಜ್ಜಿದೆ. ನೀರೊಳಗೆ ಒಂದು ಸಲ ಬೆರಳಿಗೆ ಬೆರಳು ತಾಗಿತು, ಇಬ್ಬರೂ ಹಿಂದಕ್ಕೆಳೆದುಕೊಳ್ಳಲು ಅವಸರ ಮಾಡಲಿಲ್ಲ.

ಸೊಂಟ ಹೇಗಿದೆ ಅಂತ ಕೇಳಿದೆ. ವಾಸಿಯಾಗಿದೆಯಂತೆ, ಬಗ್ಗಲು ತೊಂದರೆ ಇಲ್ಲವಂತೆ. ಹೊಸ ತಂತ್ರಜ್ಞ ಹೇಗೆ ಅಂತ ಕೇಳಿದೆ.

"ಒಳ್ಳೆ ಕೆಲಸಗಾರ. ಬರ್ತಾನೆ, ಮಾಡ್ತಾನೆ, ಹೋಗ್ತಾನೆ." ಕಪ್ಪಿನ ತುಟಿಯೊಳಗೆ ಬೆರಳಾಡಿಸಿ ನೋಡಿ ಪಕ್ಕಕ್ಕಿಟ್ಟ. "ಅವನು ಹೋದ ಮೇಲೆ ನಾನು ರಸ್ತೆ ನೋಡ್ತಾ ನಿಲ್ಲೋದಿಲ್ಲ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣು ತುಳುಕುತ್ತಿತ್ತು.

"ಅಮ್ಮ ಒಂದು ಮಾತು ಕೇಳ್ಕೊಂಡು ಬಾ ಅಂದಿದ್ದಾಳೆ," ಅಂದ. "ಮೆಷಿನ್ ಕೆಟ್ಟಾಗ ಮಾತ್ರ ಬರೋಳಾ, ಕೆಡದೇ ಇದ್ರೂ ಬರ್ತಾಳಾ ಅಂತ."

ಅಮ್ಮ ಕೇಳಿದ್ದಾಯಿತು, ನೀವೇನೂ ಕೇಳುವುದಿಲ್ಲವಾ ಅಂತ ನಾನು ಕೆಣಕಿದೆ. ಅವನು ಬ್ರಷ್ ಇಟ್ಟು, ಕೈ ತೊಳೆದು, ಒರೆಸಿ, ಮತ್ತೆ ಒಂದು ಸಲ ಒರೆಸಿದ. ಕಿವಿ ಕೆಂಪಾಗಿತ್ತು.

"ಅಮ್ಮ ಕೇಳಿಲ್ಲ," ಅಂದ. "ನಾನೇ ಕೇಳಿದ್ದು."

ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ. ಒದ್ದೆ ಕೈಯಲ್ಲೇ ಅವನ ಕೈ ಹಿಡಿದುಕೊಂಡೆ. ಬಿರುಕೆಲ್ಲ ಮಾಯ್ದು ಅಂಗೈ ಮೆತ್ತಗಾಗಿತ್ತು.

"ಕೆಡದೇ ಇದ್ರೂ ಬರ್ತೀನಿ," ಅಂದೆ. "ಬೆಳಗ್ಗೆ ಬೇರೆಯವರ ಮೆಷಿನ್ ನೋಡೋಕೆ ಹೋಗ್ತೀನಿ. ಸಂಜೆ ನಿಮ್ಮನೆಗೇ ಬರ್ತೀನಿ."

ಅವನು ತಲೆಯಾಡಿಸಿದ, ಕೈ ಬಿಡಿಸಿಕೊಳ್ಳಲಿಲ್ಲ. ತೊಟ್ಟಿಯಲ್ಲಿ ಇನ್ನೂ ಹನ್ನೊಂದು ಕಪ್ಪು ಉಳಿದಿದ್ದವು. ಎಷ್ಟೋ ಹೊತ್ತಿನ ಮೇಲೆ ಅಷ್ಟನ್ನೂ ತೊಳೆದು ಮುಗಿಸಿ, ಇಬ್ಬರೂ ಒಟ್ಟಿಗೇ ಹೊರಗೆ ಬಂದೆವು.